ಕೊನೆಯ ಬೆಂಚಿನ ಸದ್ದು

"ಕಣ್ಣೆರಡು ಬಿಟ್ಟು ಇನ್ನೆಲ್ಲಿಗಾದರೂ ಹೊಡೀರಿ ಮೇಷ್ಟ್ರೇ, ಯಾಕೆ ಅಂತ ನಾನು ಕೇಳೋದಿಲ್ಲ."

ಮಗನನ್ನು ಶಾಲೆಗೆ ಸೇರಿಸಲು ಬಂದ ತಂದೆ ಹೆಡ್ಮಾಸ್ಟರ ಮೇಜಿನ ಮುಂದೆ ನಿಂತು ಆಡುತ್ತಿದ್ದ ಈ ಮಾತನ್ನು ಕರ್ನಾಟಕದ ಶಾಲೆಗಳ ಗೋಡೆಗಳು ಎಷ್ಟು ಸಲ ಕೇಳಿವೆಯೋ ಲೆಕ್ಕವಿಲ್ಲ. ಹಾಗೆ ಹೇಳುವವನ ಮುಖದಲ್ಲಿ ಕ್ರೌರ್ಯವೇನೂ ಇರುತ್ತಿರಲಿಲ್ಲ. ಮಗನ ಮೇಲಿನ ಸರ್ವಾಧಿಕಾರವನ್ನು ಮೇಷ್ಟರಿಗೆ ಬರೆದುಕೊಡುವ ಒಂದು ಬಗೆಯ ಧಾರಾಳವಿರುತ್ತಿತ್ತು. ಪಕ್ಕದಲ್ಲಿ ಚಡ್ಡಿಯ ಅಂಚು ತಿರುಚುತ್ತ ನಿಂತ ಹುಡುಗ ಮಾತ್ರ, ಕಣ್ಣಿಗೆ ಸಿಕ್ಕ ರಿಯಾಯಿತಿ ಮಿಕ್ಕ ಅಂಗಗಳಿಗೇಕೆ ಸಿಗಲಿಲ್ಲವೆಂದು ಯೋಚಿಸುತ್ತಿದ್ದನೇನೋ.

ಬೆತ್ತಕ್ಕೆ ನಮ್ಮಲ್ಲಿ ದೊಡ್ಡ ವಂಶಾವಳಿಯೇ ಇದೆ. ಕೂಲಿಮಠದ ಕಾಲದಲ್ಲಿ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಹುಡುಗ ನೇತಾಡಬೇಕಾದ ಕೋದಂಡವಿತ್ತು. ಆಮೇಲೆ ಬೆಂಚಿನ ಮೇಲೆ ನಿಲ್ಲುವುದು, ಬಸ್ಕಿ, ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯಲ್ಲಿ ಕೂರುವುದು, ಹುಣಿಸೆ ಬರಲು, ಲಕ್ಕಿ ಬರಲು. ಏಟು ತಿನ್ನಬೇಕಾದ ಹುಡುಗನೇ ಬೇಲಿಗೆ ಹೋಗಿ ಬರಲು ಮುರಿದು ತರಬೇಕಾಗಿದ್ದದ್ದು ಈ ವ್ಯವಸ್ಥೆಯ ಅತಿ ಸೂಕ್ಷ್ಮವಾದ ಅಂಶ. ತೆಳ್ಳಗಿನದು ತಂದರೆ ಚುರುಕು, ದಪ್ಪನೆಯದು ತಂದರೆ ನೋವು; ಆರಿಸಿಕೊಳ್ಳುವ ಸ್ವಾತಂತ್ರ್ಯ ಮಾತ್ರ ಹುಡುಗನದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಬೆತ್ತ ಹೋಯಿತು, ಹೋಗಬೇಕಾದದ್ದೇ. ಆದರೆ ಬೆತ್ತದ ಜೊತೆಗೆ ಗಲಾಟೆಯೂ ಹೋಗಲಿಲ್ಲವಲ್ಲ! ಸ್ಟಾಫ್ ರೂಮಿನಲ್ಲಿ ಇಂದಿಗೂ ಕೇಳುವ ದೂರು ಒಂದೇ: "ಕೈ ಕಟ್ಟಿ ಕೆರೆಗೆ ಬಿಟ್ಟು ಈಜು ಅಂದ ಹಾಗಾಯಿತು ನಮ್ಮ ಪಾಡು." ಈ ದೂರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹೊಡೆಯಬೇಡಿ ಎಂದು ಹೇಳಿದವರು ಬಹಳ ಮಂದಿ. ಹೊಡೆಯದೆ ಏನು ಮಾಡಬೇಕೆಂದು ಹೇಳಿಕೊಟ್ಟವರು ಕಡಿಮೆ. ಬಿ.ಎಡ್. ಓದುವಾಗ ಮನೋವಿಜ್ಞಾನದ ಪತ್ರಿಕೆಯಲ್ಲಿ 'ಶಿಸ್ತು ಎಂದರೇನು, ವಿವರಿಸಿ' ಎಂದು ಪ್ರಶ್ನೆ ಬರುತ್ತದೆ. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಕೊನೆಯ ಬೆಂಚಿನಿಂದ 'ಅಂಬಾ' ಎಂದು ಎಮ್ಮೆಕರು ಕೂಗಿದರೆ ಏನು ಮಾಡಬೇಕು ಎಂಬ ಪ್ರಶ್ನೆ ಬರುವುದಿಲ್ಲ.

ಬೆತ್ತದ ಕಾಲದಿಂದಲೂ ಉಳಿದುಬಂದಿರುವ ಇನ್ನೊಂದು ಉಪಾಯವೆಂದರೆ ಬೋರ್ಡಿನ ಮೂಲೆಯ ಪಟ್ಟಿ. ಮೇಷ್ಟ್ರು ಇಲ್ಲದಾಗ ಕ್ಲಾಸ್ ಲೀಡರು ಸೀಮೆಸುಣ್ಣ ಹಿಡಿದು ನಿಂತು 'ಮಾತಾಡಿದವರು' ಎಂದು ಬರೆದು ಕೆಳಗೆ ಅಡ್ಡಗೆರೆ ಎಳೆಯುತ್ತಾನೆ. ಹೆಸರಿನ ಮುಂದೆ ಇಂಟು ಗುರುತು. ಮತ್ತೆ ಮಾತಾಡಿದರೆ ಎರಡು ಇಂಟು, ಮೂರು ಇಂಟು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಇದರ ಒಳಗುಟ್ಟು ತಿಳಿಯದ್ದೇನಲ್ಲ. ಲೀಡರಿನ ಗೆಳೆಯರು ಎಷ್ಟು ಮಾತಾಡಿದರೂ ಅವನ ಕಿವಿಗೆ ಬೀಳುವುದಿಲ್ಲ. ಅರ್ಧ ಸೀಬೆಕಾಯಿಗೆ ಒಂದು ಇಂಟು ಅಳಿಸಿಹೋಗುತ್ತದೆ. ಲೀಡರನ್ನು ಆಟಕ್ಕೆ ಸೇರಿಸಿಕೊಳ್ಳದವನು ಬಾಯಿ ಮುಚ್ಚಿಕೊಂಡಿದ್ದರೂ 'ಅವನು ಕಣ್ಣಲ್ಲೇ ಮಾತಾಡಿದ ಸಾರ್' ಎಂಬ ಆರೋಪಕ್ಕೆ ಗುರಿಯಾಗುತ್ತಾನೆ. ತರಗತಿಗೆ ನಾಗರಿಕ ಶಾಸ್ತ್ರದ ಮೊದಲ ಪ್ರಾಯೋಗಿಕ ಪಾಠ ಸಿಗುವುದು ಹೀಗೆ. ಅದರಿಂದ ಮಕ್ಕಳು ಕಲಿಯುವುದು ಮಾತ್ರ ಪಠ್ಯಪುಸ್ತಕದಲ್ಲಿರುವುದಕ್ಕೆ ತದ್ವಿರುದ್ಧ.

ಗಲಾಟೆಯನ್ನು ಮಕ್ಕಳಾಟವೆಂದು ಬಿಟ್ಟುಬಿಡಲೂ ಆಗದು. ಒಂದು ಪೀರಿಯಡ್ಡು 40 ನಿಮಿಷ ಎಂದಿಟ್ಟುಕೊಳ್ಳಿ. ಸುಮ್ಮನಿರಿ, ಕೂತ್ಕೊಳ್ಳಿ, ಯಾರೋ ಅದು, ಎದ್ದು ನಿಲ್ಲು, ಇಷ್ಟರಲ್ಲಿ ಐದು ನಿಮಿಷ ಹೋದರೆ ಎಂಟನೆಯ ಒಂದು ಭಾಗ ಹೋದಂತೆ. ದಿನಕ್ಕೆ ಏಳು ಪೀರಿಯಡ್ಡು, ವರ್ಷಕ್ಕೆ 220 ದಿನ ಎಂದು ಗುಣಿಸಿದರೆ 7,700 ನಿಮಿಷ. ಹೆಚ್ಚು ಕಡಿಮೆ 27 ದಿನಗಳ ಪೂರ್ತಿ ಪಾಠ. ಕಳೆದುಕೊಂಡವರು ಗಲಾಟೆ ಮಾಡಿದ ಇಬ್ಬರು ಮೂವರಲ್ಲ, ಸುಮ್ಮನೆ ಕೂತಿದ್ದ ನಲವತ್ತೈದು ಮಂದಿ. ಅವರ ಪರವಾಗಿ ಯಾರೂ ಬೋರ್ಡಿನ ಮೇಲೆ ಇಂಟು ಹಾಕುವುದಿಲ್ಲ.

ಇನ್ನು ಮೇಷ್ಟ್ರುಗಳ ಗಂಟಲಿನ ವಿಷಯ. ಗಲಾಟೆ ಹೆಚ್ಚಾದಾಗ ಮೇಷ್ಟರ ದನಿ ಏರುತ್ತದೆ, ದನಿ ಏರಿದ್ದಕ್ಕೆ ಮಕ್ಕಳು ಇನ್ನಷ್ಟು ಗಟ್ಟಿಯಾಗಿ ಮಾತಾಡುತ್ತಾರೆ. ಇದು ಸೊಕ್ಕಲ್ಲ, ಶರೀರಧರ್ಮ. ಎತಿಯೆನ್ ಲೊಂಬಾರ್ಡ್ ಎಂಬ ಫ್ರಾನ್ಸಿನ ಕಿವಿ-ಗಂಟಲಿನ ವೈದ್ಯರು 1911ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಮಾತಾಡುತ್ತಿರುವವನ ಕಿವಿಗೆ ಗದ್ದಲ ಕೇಳಿಸಿದರೆ ಅವನಿಗೆ ಅರಿವಿಲ್ಲದೆಯೇ ದನಿ ಏರುತ್ತದೆ; ಗದ್ದಲ ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆ. ಜಾತ್ರೆಯಲ್ಲಿ, ಮದುವೆಮನೆಯ ವಾಲಗದ ನಡುವೆ ಎಲ್ಲರೂ ಕಿರಿಚಿಕೊಂಡೇ ಮಾತಾಡುವುದು ಇದರಿಂದಲೇ. ನಲವತ್ತೆಂಟು ಮಕ್ಕಳ ಕೋಣೆಯಲ್ಲಿ ಮೇಷ್ಟ್ರು 'ಸೈಲೆನ್ಸ್' ಎಂದು ಅಬ್ಬರಿಸುವುದು ಬೆಂಕಿ ಆರಿಸಲು ಬೀಸಣಿಗೆ ಹಿಡಿದ ಹಾಗೆ. ಅನುಭವಸ್ಥರು ಮಾಡುವುದು ತಿರುಗುಮುರುಗಾದದ್ದು. ಮಾತನ್ನು ಅರ್ಧಕ್ಕೆ ನಿಲ್ಲಿಸಿ, ದನಿ ತಗ್ಗಿಸಿ, ಮುಂದಿನ ಬೆಂಚಿಗಷ್ಟೇ ಕೇಳುವಂತೆ ಏನನ್ನೋ ಹೇಳುತ್ತಾರೆ. ಹಿಂದಿನವರಿಗೆ ಅದೇನೆಂದು ತಿಳಿಯದೆ ತಡೆಯಲಾಗುವುದಿಲ್ಲ. ತಗಡಿನ ಸೂರಿನ ಕೋಣೆಗೆ ಮಳೆಗಾಲದಲ್ಲಿ ಈ ಉಪಾಯವೂ ನಡೆಯದು ಎನ್ನುವುದು ಬೇರೆ ಮಾತು.

ಜೇಕಬ್ ಕೂನಿನ್ ಎಂಬ ಅಮೆರಿಕದ ಮನೋವಿಜ್ಞಾನಿ ಒಮ್ಮೆ ಪಾಠ ಮಾಡುತ್ತಿದ್ದಾಗ ಪತ್ರಿಕೆ ಬಿಡಿಸಿಕೊಂಡು ಕೂತಿದ್ದ ವಿದ್ಯಾರ್ಥಿಯನ್ನು ಗದರಿದರಂತೆ. ಅವನಿಗಿಂತ ಅಕ್ಕಪಕ್ಕದವರೇ ಬೆಚ್ಚಿ ನೆಟ್ಟಗೆ ಕೂತರು. ಅಲ್ಲಿಂದ ಶುರುವಾದ ಕುತೂಹಲ ಅವರನ್ನು ತರಗತಿಗಳ ಚಿತ್ರೀಕರಣದವರೆಗೆ ಒಯ್ದಿತು. ಹೇಗೆ ಗದರಿದರೆ ಮಕ್ಕಳು ಸರಿಹೋಗುತ್ತಾರೆ ಎಂದು ಹುಡುಕಲು ಹೊರಟವರಿಗೆ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಗಲಾಟೆ ಆದಮೇಲೆ ಹೇಗೆ ಗದರಿದರೂ ಅಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಗಲಾಟೆ ಏಳುವ ಮುಂಚೆ ಶಿಕ್ಷಕರು ಏನು ಮಾಡುತ್ತಿದ್ದರು ಎಂಬುದರಲ್ಲಿ. ಬೋರ್ಡಿನ ಕಡೆ ತಿರುಗಿದ್ದರೂ ಬೆನ್ನಿಗೆ ಕಣ್ಣಿದೆಯೆಂಬ ಭಾವನೆ ಮಕ್ಕಳಲ್ಲಿ ಹುಟ್ಟಿಸುವವರ, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ದಾಟುವವರ ತರಗತಿಯಲ್ಲಿ ಗಲಾಟೆಗೆ ಸಂದೇ ಇರುವುದಿಲ್ಲ. 1970ರಲ್ಲಿ ಅವರು ಇದನ್ನು ಪುಸ್ತಕವಾಗಿ ಬರೆದರು. ಸೀಮೆಸುಣ್ಣ ತರಲು ಹುಡುಗನನ್ನು ಆಫೀಸಿಗೆ ಓಡಿಸಿ, ಅವನು ಬರುವವರೆಗೆ ಮೇಜಿಗೆ ಒರಗಿ ನಿಲ್ಲುವ ಮೇಷ್ಟ್ರು ಆ ನಾಲ್ಕು ನಿಮಿಷದಲ್ಲಿ ಏಳುವ ಗದ್ದಲಕ್ಕೆ ಮಕ್ಕಳನ್ನು ಬಯ್ಯುವುದು ಅಷ್ಟು ನ್ಯಾಯವಲ್ಲ.

ಆದರೆ ಎಲ್ಲ ಸದ್ದೂ ಒಂದೇ ಜಾತಿಯದಲ್ಲ. ಪಕ್ಕದವನನ್ನು ಸದಾ ಕೇಳುತ್ತಿರುವ ಹುಡುಗಿಗೆ ಬೋರ್ಡಿನ ಅಕ್ಷರ ಕಾಣದೆ ಇರಬಹುದು; ಅವಳಿಗೆ ಬೇಕಾದದ್ದು ಕನ್ನಡಕ, ಸಿಕ್ಕಿದ್ದು ಬಾಯಿಬಡುಕಿ ಎಂಬ ಬಿರುದು. ಕಿವಿ ಸೋರುವ ಮಗುವಿಗೆ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸದ್ದರಲ್ಲಿ ಅದಕ್ಕೆ ಆಸಕ್ತಿಯೂ ಇರುವುದಿಲ್ಲ. ಮುಂಜಾನೆ ಏಳಕ್ಕೆ ಬಸ್ಸು ಹಿಡಿದು ಬರಿಹೊಟ್ಟೆಯಲ್ಲಿ ಬಂದವನು ಹನ್ನೊಂದಕ್ಕೆ ಸಿಡಿಮಿಡಿಗೊಂಡರೆ ಅದು ಶಿಸ್ತಿನ ಪ್ರಶ್ನೆಯೇ ಅಲ್ಲ. 2013ರಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲು ಬಂದಮೇಲೆ ಬೆಳಗಿನ ಪೀರಿಯಡ್ಡುಗಳು ಎಷ್ಟೋ ಸಲೀಸಾದವೆಂದು ಹೇಳುವ ಮೇಷ್ಟರುಗಳಿದ್ದಾರೆ.

'ತೊತ್ತೋಚಾನ್' ಪುಸ್ತಕ ಕನ್ನಡಕ್ಕೂ ಬಂದಿದೆ. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ ತಮ್ಮ ಬಾಲ್ಯದ ಕಥೆ ಅದು. ಡೆಸ್ಕಿನ ಮುಚ್ಚಳವನ್ನು ಸಾರಿ ಸಾರಿ ತೆಗೆದು ಮುಚ್ಚುತ್ತಾಳೆ, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾಳೆ ಎಂಬ ಕಾರಣಕ್ಕೆ ಒಂದನೇ ತರಗತಿಯಲ್ಲೇ ಆಕೆಯನ್ನು ಶಾಲೆ ಬಿಡಿಸಲಾಯಿತು. ಮುಂದಿನ ಶಾಲೆಯ ಹೆಡ್ಮಾಸ್ಟರು ಕೊಬಯಾಶಿ ಅವರು ಮೊದಲ ದಿನ ಮಾಡಿದ ಕೆಲಸವೆಂದರೆ ಆ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೇಳಿದ್ದು. ನಮ್ಮ ಹೆಡ್ಮಾಸ್ಟರುಗಳಿಗೆ ಅಷ್ಟು ಪುರಸೊತ್ತಿಲ್ಲ. ಬಿಸಿಯೂಟದ ಲೆಕ್ಕ, ಮಾಹಿತಿ ತುಂಬುವ ಕೆಲಸ, ಮೀಟಿಂಗು. ನಾಲ್ಕು ಗಂಟೆ ಬೇಡ, ನಾಲ್ಕು ನಿಮಿಷವಾದರೂ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಜಪಾನಿಗೇ ಹೋಗಬೇಕಾಗಿಲ್ಲ.

ಮಂಡ್ಯ-ಹಾಸನ ಗಡಿಯ ಒಂದು ಪ್ರೌಢಶಾಲೆಯಲ್ಲಿ 2024ರ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿದ ಹುಡುಗನ ವಿಷಯ ಹೀಗೆ. ಎಂಟನೇ ತರಗತಿಯೆಂದರೆ ಸುತ್ತಲಿನ ಹತ್ತು ಹಳ್ಳಿಗಳ ಶಾಲೆಯ ಮಕ್ಕಳು ಮೊದಲ ಬಾರಿಗೆ ಒಂದೆಡೆ ಸೇರುವ ಜಾಗ. ಪ್ರತಿಯೊಬ್ಬನೂ ತನ್ನ ಊರಿನಲ್ಲಿ ಏನೋ ಆಗಿದ್ದವನು, ಇಲ್ಲಿ ಏನೆಂದು ಮತ್ತೆ ತೋರಿಸಿಕೊಳ್ಳಬೇಕು. ಈ ಹುಡುಗ ಆರಿಸಿಕೊಂಡದ್ದು ಸದ್ದನ್ನು. ಎಮ್ಮೆಕರು, ನವಿಲು, ಕೆಂಪು ಬಸ್ಸಿನ ಹಾರನ್ನು, ಅದು ಗೇರ್ ಬದಲಿಸುವಾಗ ಮಾಡುವ ನರಳಾಟ. ತುಟಿ ಅಲುಗಿಸದೆ ಮಾಡುತ್ತಿದ್ದ. ತರಗತಿ ನಕ್ಕು ಉರುಳುತ್ತಿತ್ತು. ಆಗಸ್ಟ್ ಹೊತ್ತಿಗೆ ಅವನ ಮೇಲೆ ಐವರು ಶಿಕ್ಷಕರ ದೂರಿತ್ತು. ತಂದೆಯನ್ನು ಕರೆಸಿ ಟಿ.ಸಿ. ಕೊಡುವ ಮಾತು ಎದ್ದಿತ್ತು.

ವಿಜ್ಞಾನ ಹೇಳುವ ಮೇಡಂ ಆ ಶಾಲೆಗೆ ಹೊಸಬರು. ಅವರಿಗೂ ಸಿಟ್ಟು ಬರುತ್ತಿತ್ತು. ಆದರೆ ಪ್ರಯೋಗದ ದಾಖಲೆ ಬರೆದು ಅಭ್ಯಾಸವಾದ ಕೈ ಸುಮ್ಮನಿರಲಿಲ್ಲ. ಸಣ್ಣ ಪುಸ್ತಕವೊಂದರಲ್ಲಿ ಸದ್ದು ಬಂದ ದಿನ, ಹೊತ್ತು, ಆಗ ತರಗತಿಯಲ್ಲಿ ನಡೆಯುತ್ತಿದ್ದ ಕೆಲಸ, ಇಷ್ಟನ್ನು ಬರೆದಿಡತೊಡಗಿದರು. ಮೂರು ವಾರಕ್ಕೆ ಹನ್ನೊಂದು ಸಲ. ಅದರಲ್ಲಿ ಒಂಬತ್ತು ಸಲ ತರಗತಿಯಲ್ಲಿ ನಡೆಯುತ್ತಿದ್ದದ್ದು ಒಂದೇ ಕೆಲಸ: ಪಾಠವನ್ನು ಬೆಂಚಿನ ಸಾಲಿನಂತೆ ಒಬ್ಬೊಬ್ಬರಾಗಿ ಎದ್ದು ಓದುವುದು. ಸರದಿ ಹಿಂದಿನ ಮೂರನೇ ಬೆಂಚಿಗೆ ಬರುವ ಹೊತ್ತಿಗೆ ಸರಿಯಾಗಿ ಎಮ್ಮೆಕರು ಕೂಗುತ್ತಿತ್ತು. ಮೇಡಂ ಗದರುತ್ತಿದ್ದರು, ಹುಡುಗ ಹೊರಗೆ ನಿಲ್ಲುತ್ತಿದ್ದ, ಓದು ಮುಂದೆ ಹೋಗುತ್ತಿತ್ತು. ಪ್ರಯೋಗ ನಡೆದ ದಿನ ಒಮ್ಮೆಯೂ ಸದ್ದಿಲ್ಲ. ಬೋರ್ಡಿನಿಂದ ಬರೆದುಕೊಳ್ಳುವ ದಿನವೂ ಇಲ್ಲ.

ಅವನ ನೋಟ್ಸು ತರಿಸಿ ನೋಡಿದರು. ದುಂಡಗಿನ ಅಕ್ಷರ, ಒಂದು ತಪ್ಪಿಲ್ಲ. ಅಲ್ಲೇ ಎಲ್ಲರೂ ಮೋಸಹೋಗಿದ್ದದ್ದು. ಸಂಜೆ ಟೆಸ್ಟ್‌ಟ್ಯೂಬ್ ತೊಳೆಯಲು ಉಳಿಸಿಕೊಂಡು, "ಬೀರುವಿನಿಂದ ಉಪ್ಪಿನ ಬಾಟಲಿ ತಗೊಂಡು ಬಾಪ್ಪಾ" ಎಂದರು. ಒಂದೇ ಅಳತೆಯ ನಾಲ್ಕು ಬಾಟಲಿ, ನಾಲ್ಕರಲ್ಲೂ ಬಿಳಿ ಪುಡಿ, ನಾಲ್ಕಕ್ಕೂ ಕನ್ನಡದ ಚೀಟಿ. ಹುಡುಗ ಚೀಟಿಯ ಕಡೆ ನೋಡಲೇ ಇಲ್ಲ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದ. ಮೇಡಂ ಓಡಿಹೋಗಿ ಕೈಯಿಂದ ಬಾಟಲಿ ತೆಗೆದುಕೊಂಡರು. ಏನೂ ಹೇಳಲಿಲ್ಲ. ಹುಡುಗನಿಗೆ ಅರ್ಥವಾಯಿತು, ಅವರಿಗೆ ಅರ್ಥವಾಗಿದೆಯೆಂದು.

ಅಕ್ಷರವನ್ನು ಚಿತ್ರದಂತೆ ಬರೆಯುತ್ತಿದ್ದನೇ ಹೊರತು ಓದುತ್ತಿರಲಿಲ್ಲ. ಲೆಕ್ಕ ಸರಳವಾಗಿತ್ತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಅವನು ಮೂರನೇ ತರಗತಿ. ಕಾಗುಣಿತ ಬಂದಿತ್ತು, ಒತ್ತಕ್ಷರ ಇನ್ನೂ ಗಟ್ಟಿಯಾಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಬಟನ್ ಫೋನು. ನಾಲ್ಕನೇ ತರಗತಿ ಎಮ್ಮೆ ಮೇಯಿಸುವುದರಲ್ಲಿ ಕಳೆಯಿತು. ಮತ್ತೆ ಶಾಲೆ ತೆರೆದಾಗ ಪುಸ್ತಕ ದಪ್ಪಗಾಗಿತ್ತು, ಯಾರೂ ಹಿಂದಕ್ಕೆ ಹೋಗಲಿಲ್ಲ, ವರ್ಷವರ್ಷವೂ ಮುಂದಿನ ತರಗತಿಗೆ ದಾಟಿಸುತ್ತ ಬಂದರು. ಹದಿಮೂರು ವರ್ಷದ ಹುಡುಗನಿಗೆ ಪೋಲಿ ಅನ್ನಿಸಿಕೊಳ್ಳುವುದರಲ್ಲಿ ಒಂದಿಷ್ಟು ಮರ್ಯಾದೆಯಿದೆ, ಓದಲು ಬಾರದವನು ಅನ್ನಿಸಿಕೊಳ್ಳುವುದರಲ್ಲಿ ಇಲ್ಲ. ನಲವತ್ತೇಳು ಜನರ ಮುಂದೆ 'ಚ... ನ...' ಎಂದು ತಡವರಿಸುವುದಕ್ಕಿಂತ ಎಮ್ಮೆಕರುವಾಗುವುದೇ ವಾಸಿ ಎಂದು ಅವನು ತೀರ್ಮಾನಿಸಿದ್ದ. ಹಾಗೆ ನೋಡಿದರೆ ಬುದ್ಧಿವಂತ ತೀರ್ಮಾನವೇ.

ತಂದೆ ಬಂದರು. ಕಬ್ಬು ಕಡಿಯುವ ಕೆಲಸ ಬಿಟ್ಟು ಬಂದಿದ್ದರು, ಒಂದು ದಿನದ ಕೂಲಿ ಹೋಗಿತ್ತು. "ಮನೇಲಿ ಇವನು ಬಾಯೇ ಬುಡಾಕಿಲ್ಲ ಮೇಡಂನೋರೇ. ಓದು ಹತ್ತಾಕಿಲ್ಲ ಅಂದ್ರೆ ಯೇಳ್ಬುಡಿ, ಗ್ಯಾರೇಜ್‌ಗೆ ಆಕ್ಬುಡ್ತೀನಿ" ಎಂದರು. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಹುಡುಗ ಆಗ ತಲೆ ಎತ್ತಿದ. ಮೇಡಂ, "ಗಲಾಟೆ ವಿಷಯ ಬಿಡಿ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಕಳಿಸಿ, ಮಾರ್ಚ್‌ವರೆಗೆ ನೋಡೋಣ" ಎಂದಷ್ಟೇ ಹೇಳಿದರು. ಹೆಡ್ಮಾಸ್ಟರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಪಾಠದ ಪುಸ್ತಕ ಮುಟ್ಟಲಿಲ್ಲ. ಹುಡುಗನಿಗೆ ಬಸ್ಸುಗಳ ಹುಚ್ಚು; ಬೋರ್ಡು ಓದಲು ಬರದಿದ್ದರೂ ಡ್ರೈವರ್ ಮುಖದಿಂದ, ಹೊತ್ತಿನಿಂದ ಯಾವ ಬಸ್ಸೆಂದು ಹೇಳುತ್ತಿದ್ದ. ಆ ಬೋರ್ಡುಗಳೇ ಪಾಠವಾದವು. ನಾಗಮಂಗಲ ಸುಲಭ, ಒತ್ತಕ್ಷರವೇ ಇಲ್ಲ. ಮಂಡ್ಯಕ್ಕೆ ಒಂದು. ಚನ್ನರಾಯಪಟ್ಟಣಕ್ಕೆ ಎರಡು. ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ಬರುವ ಹೊತ್ತಿಗೆ ದಸರಾ ರಜೆ ಬಂತು. ಆಮೇಲೆ ಬೀರುವಿನ ಬಾಟಲಿಗಳಿಗೆ ಹೊಸ ಚೀಟಿ ಬರೆಯುವ ಕೆಲಸ ಅವನದಾಯಿತು, ಬರೆದದ್ದನ್ನು ಓದಿ ಹೇಳಬೇಕೆಂಬ ಕರಾರಿನೊಂದಿಗೆ.

ಇಷ್ಟಾದರೂ ಎಮ್ಮೆಕರು ಸುಮ್ಮನಾಯಿತೇ? ಇಲ್ಲ. ನವೆಂಬರ್‌ವರೆಗೂ ಕೂಗುತ್ತಿತ್ತು. ಕಾರಣ ಹೋಗಿದ್ದರೂ ಪ್ರೇಕ್ಷಕರು ಹೋಗಿರಲಿಲ್ಲ. "ಲೋ, ಒಂದ್ಸಲ ಹಾಕೋ" ಎಂದು ಗೆಳೆಯರು ತಿವಿಯುತ್ತಿದ್ದರು. ಮನೋವಿಜ್ಞಾನಿ ಸ್ಕಿನ್ನರ್ ಅವರ ಪಾರಿವಾಳಗಳ ಪ್ರಯೋಗ ಇಲ್ಲಿ ನೆನಪಾಗಬೇಕು. ಕುಕ್ಕಿದಾಗಲೆಲ್ಲ ಕಾಳು ಬೀಳುತ್ತಿದ್ದ ಹಕ್ಕಿ, ಕಾಳು ನಿಂತರೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗಲೋ ಒಮ್ಮೊಮ್ಮೆ ಕಾಳು ಬೀಳುತ್ತಿದ್ದ ಹಕ್ಕಿ ಮಾತ್ರ ಬಿಡದೆ ಕುಕ್ಕುತ್ತಲೇ ಇರುತ್ತದೆ. ಐದು ದಿನ ಸಿಡುಕಿ ಆರನೇ ದಿನ ತಾವೇ ನಕ್ಕುಬಿಡುವ ಶಿಕ್ಷಕರು ಹುಡುಗನಿಗೆ ಹಾಕುವುದು ಈ ಎರಡನೇ ಬಗೆಯ ಕಾಳು. ಮೊಬೈಲಿಗಾಗಿ ಅಳುವ ಮಗುವಿಗೆ ಐದು ದಿನ ಇಲ್ಲವೆಂದು ಆರನೇ ದಿನ ಕೊಟ್ಟುಬಿಡುವ ತಂದೆತಾಯಿಯೂ ಅಷ್ಟೇ. ಆ ಅಳು ಮುಂದೆ ಏಳು ದಿನಕ್ಕೂ ಸೋಲುವುದಿಲ್ಲ. ಮೇಡಂ ನಗುವುದನ್ನು ಬಿಟ್ಟರು, ಗದರುವುದನ್ನೂ ಬಿಟ್ಟರು. ಸದ್ದು ಬಂದಾಗ ಪಾಠ ಮುಂದುವರಿಸುತ್ತಲೇ ನಡೆದುಹೋಗಿ ಆ ಬೆಂಚಿನ ಪಕ್ಕ ನಿಲ್ಲುತ್ತಿದ್ದರು. ಅಲ್ಲಿಂದಲೇ ಪ್ರಶ್ನೆ ಕೇಳುತ್ತಿದ್ದರು, ಬೇರೆಯವರನ್ನು.

ಓದುವ ಸರದಿಗೆ ಒಂದು ಹೊಸ ನಿಯಮ ಬಂತು. ಬೇಡವೆನ್ನಿಸಿದವರು 'ಮುಂದೆ' ಎಂದು ಹೇಳಿ ಬಿಟ್ಟುಕೊಡಬಹುದು, ಕಾರಣ ಕೇಳುವುದಿಲ್ಲ. ಮೊದಲ ದಿನ ಹದಿನಾಲ್ಕು ಮಂದಿ 'ಮುಂದೆ' ಎಂದರು. ಆ ಸಂಖ್ಯೆಯನ್ನು ಕಂಡು ಬೆಚ್ಚಿದವರು ಮೇಡಂ ಒಬ್ಬರೇ ಅಲ್ಲ. ಸ್ಟಾಫ್ ರೂಮಿನಲ್ಲಿ ಆವತ್ತು ಯಾರೂ ಬೆತ್ತದ ಸುದ್ದಿ ಎತ್ತಲಿಲ್ಲ. ಬೆಳಗಿನ ಅರ್ಧ ಗಂಟೆಗೆ ಇನ್ನೂ ಆರು ಮಕ್ಕಳು ಸೇರಿದರು, ಕನ್ನಡ ಮೇಷ್ಟರೂ ಜೊತೆಗೂಡಿದರು. ನಮ್ಮ ಹುಡುಗ ಫೆಬ್ರವರಿಯವರೆಗೆ 'ಮುಂದೆ' ಎನ್ನುತ್ತಲೇ ಇದ್ದ. ಒಂದು ದಿನ ಅನ್ನಲಿಲ್ಲ. ಎದ್ದು ನಾಲ್ಕು ಸಾಲು ಓದಿದ, 'ದ್ಯುತಿಸಂಶ್ಲೇಷಣೆ'ಯಲ್ಲಿ ಮುಗ್ಗರಿಸಿದ. ಆ ಪದದಲ್ಲಿ ಮುಗ್ಗರಿಸದವರು ತರಗತಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ಕೊಳ್ಳುವಾಗ ಪಾಲಕರ ಸಭೆ ಬಂತು. ಎರಡನೇ ಬೆಂಚಿನ ಹುಡುಗಿಯೊಬ್ಬಳ ತಾಯಿ, ಸಭೆಯಲ್ಲಿ ಎಂದೂ ಬಾಯಿ ತೆರೆಯದವರು, ಎಲ್ಲರೂ ಹೋದಮೇಲೆ ಮೇಡಂ ಹತ್ತಿರ ಬಂದರು. "ತಪ್ಪು ತಿಳ್ಕೋಬೇಡಿ ಮೇಡಂ. ನನ್ನ ಮಗಳು ಈ ವರ್ಷ ಒಂದ್ಸಲಾನೂ ಟೆಸ್ಟ್‌ಟ್ಯೂಬ್ ಮುಟ್ಟಿಲ್ಲವಂತೆ. ಯಾವಾಗ್ಲೂ ಆ ಹುಡುಗನ ಕೈಲೇ ಹಿಡಿಸ್ತೀರಂತೆ. ಇವಳೂ ಗಲಾಟೆ ಮಾಡಬೇಕಾ?"

ಮೇಡಂ ಬಳಿ ಉತ್ತರವಿರಲಿಲ್ಲ. ಗಲಾಟೆಯ ಹುಡುಗನಿಗೆ ಕೈತುಂಬ ಕೆಲಸ ಕೊಡಿ ಎಂದು ಹೇಳದವರಿಲ್ಲ. ಆ ಕೆಲಸ ಯಾರ ಕೈಯಿಂದ ಕಿತ್ತುಕೊಂಡದ್ದು ಎಂದು ಕೇಳಿದವರು ಈ ತಾಯಿ. ಮರುದಿನದಿಂದ ಹಾಜರಿ ಪುಸ್ತಕದ ಕ್ರಮದಂತೆ ದಿನಕ್ಕೆ ನಾಲ್ವರು ಪ್ರಯೋಗದ ಮೇಜಿಗೆ ಬರಬೇಕೆಂದಾಯಿತು. ಆ ಹುಡುಗಿ ಮೊದಲ ಸಲ ಸುಣ್ಣದ ತಿಳಿಗೆ ಕೊಳವೆಯಿಂದ ಉಸಿರು ಊದಿ, ಅದು ಹಾಲಿನಂತಾದದ್ದನ್ನು ಕಂಡು, ಇನ್ನೊಮ್ಮೆ ಊದಲೇ ಎಂದು ಕೇಳಿದಳು. ನಲವತ್ತೆಂಟು ಮಕ್ಕಳಾದ್ದರಿಂದ ಹುಡುಗನ ಸರದಿ ಹನ್ನೆರಡು ದಿನಕ್ಕೊಮ್ಮೆ ಬರುತ್ತಿತ್ತು. ಅದು ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ.